ಮಂಗಳವಾರ ಬಂದವರ ಫೈಲು

ದರ ಹೇಳುವ ಮೊದಲು ಎಲ್ಲವನ್ನೂ ಕೇಳಿ ತಿಳಿದುಕೊಳ್ಳಬೇಕು ಎಂಬುದು ಸವಣೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಇರಮಳಿಗೆ ಗೊತ್ತಿತ್ತು. ಕೇಳಿಯೂ ಇದ್ದಳು. ಹಾನಗಲ್ಲಿನ ವಕೀಲ ಮೈಲಾರಲಿಂಗಪ್ಪನವರ ಹಳೆಯ ಕಂಪ್ಯೂಟರಿನಲ್ಲಿದ್ದ ಕೇಸುಗಳನ್ನೆಲ್ಲ ಹೊಸ ಸಾಫ್ಟ್‌ವೇರಿಗೆ ಸಾಗಿಸುವ ಕೆಲಸ ಅದು. ಕೇಸಿಗೊಂದು ಫೈಲು ತಾನೇ ಎಂದು ಕೇಳಿದರೆ ವಕೀಲರು ಮೀಸೆ ತಿರುವಿ, "ನಮ್ಮ ಆಫೀಸಿನಾಗ ಶಿಸ್ತು ಅಂದ್ರ ಶಿಸ್ತವ್ವಾ" ಎಂದರು. ನಾಲ್ಕಾರು ಫೈಲು ತೆರೆದು ನೋಡಿದಳು. ಶಿಸ್ತೋ ಶಿಸ್ತು. ಫೈಲಿಗೆ ಇಪ್ಪತ್ತು ರೂಪಾಯಿಯಂತೆ ಸೋಮವಾರ ಕರಾರಾಯಿತು. ಸವಣೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮನಸ್ಸಿನಲ್ಲೇ ಮಂಡಿಗೆ ತಿಂದಳು. ಇದೊಂದು ಸರಿಯಾಗಿ ಮುಗಿದರೆ ಹಾನಗಲ್ಲಿನ ಉಳಿದ ವಕೀಲರೂ ತನ್ನ ಅಂಗಡಿಗೇ ಬರುತ್ತಾರೆ.

ಮರುದಿನ ಬಂದು ಕೆಲಸಕ್ಕೆ ಕೂತಾಗ ದುರಗವ್ವನ ಫೈಲು ತೆರೆಯಿತು. ತೆರೆಯುತ್ತಲೇ ಹೋಯಿತು. ಮೇಲೆ ದುರಗವ್ವನ ಬದುವಿನ ತಕರಾರು. ಅದರ ಕೆಳಗೆ ಹಿರೇಬೆಂಡಿಗೇರಿಯವರ ಬಾಡಿಗೆ ಜಗಳ, ಅದರ ಕೆಳಗೆ ರಟ್ಟೀಹಳ್ಳಿಯ ಅಣ್ಣತಮ್ಮಂದಿರ ಪಾಲು, ಆಮೇಲೆ ಯಾರದೋ ಗಂಡಹೆಂಡಿರ ಸೋಡಚೀಟಿ. ಬೆರಳು ನೋಯುವವರೆಗೆ ಇಳಿದರೂ ತಳ ಸಿಗಲಿಲ್ಲ.

"ಶಾರವ್ವಕ್ಕ, ಇದೇನ್ರಿ ಇದು?"

ಟೈಪು ಮಾಡುವ ಶಾರವ್ವ ತಲೆ ಎತ್ತಲೂ ಇಲ್ಲ. "ಅವು ಮಂಗಳವಾರದವು. ಮಂಗಳವಾರ ಹೊಸಾದು ಏನೂ ತಗೀಬ್ಯಾಡ ಅಂತಾರ ಸಾಹೇಬ್ರು. ಬಂದ ಪಕ್ಷಗಾರರನ್ನ ವಾಪಸ್ ಕಳಸಾಕ ಆಗತೈತೇನು? ದುರಗವ್ವ ಕೇಸು ಗೆದ್ದಾಕಿ. ಅಕಿ ಫೈಲಿನ ಕೆಳಗ ಸೇರಿಸಿಬಿಟ್ರ ಹೊಸಾದು ತಗದಂಗೂ ಆಗಂಗಿಲ್ಲ, ಅಕಿ ಕೈಗುಣಾನೂ ಹತ್ತತೈತಿ."

"ಎಂದಿನಿಂದ?"

"ಕಂಪ್ಯೂಟರ್ ಬಂದಾಗಿಂದ."

ಇರಮಳಿಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟು ಹೆಚ್ಚಾಗಿ ತನ್ನ ಮೇಲೆಯೇ. ಇನ್ನೊಂದೆರಡು ಫೈಲು ತೆರೆದು ನೋಡಿದ್ದರೆ ಕೈ ಸವೆಯುತ್ತಿತ್ತೇ? ಇದೇ ದರಕ್ಕೆ ಮಾಡಿದರೆ ತಿಂಗಳುಗಟ್ಟಲೆ ಬಿಟ್ಟಿ ಚಾಕರಿ. ಬಿಟ್ಟು ಹೋದರೆ ಕೋರ್ಟಿನ ಕಟ್ಟೆಯ ಮೇಲೆ ತನ್ನ ಹೆಸರು ಮಣ್ಣುಪಾಲು.

ಒಳಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು.

"ಫೈಲಿಗೆ ಇಪ್ಪತ್ತು ಅಂತ ಬರದೀವಿ" ಎಂದರು ವಕೀಲರು ಆರಾಮಾಗಿ. "ಅದು ಒಂದ ಫೈಲು ಹೌದಿಲ್ಲೋ?"

"ಹೌದ್ರಿ. ಆದ್ರ ಕೇಸಿಗೆ ಇಷ್ಟು ಅಂತ ಹೊಸಾ ಕರಾರು ಬರಿಯೋಣ್ರಿ."

"ಇವತ್ತ ಮಂಗಳವಾರ! ಹೊಸಾ ಕರಾರಂತ! ಮಾತ ಆಡಬ್ಯಾಡ."

ಇರಮಳಿಗೆ ಶಾರವ್ವ ಹೇಳಿದ್ದು ನೆನಪಾಯಿತು. ಹೊರಗೆ ಬಂದು ಹಳೆಯ ಕರಾರನ್ನು ಕಂಪ್ಯೂಟರಿನಲ್ಲಿ ತೆರೆದು, ಅದರ ಕೆಳಗೆ ನಾಲ್ಕು ಸಾಲು ಟೈಪು ಮಾಡಿ, ಪ್ರಿಂಟು ತೆಗೆದು ವಕೀಲರ ಮುಂದಿಟ್ಟಳು. ದುರಗವ್ವನ ಫೈಲಿಗೆ ಮಾತ್ರ ಕೇಸಿನ ಲೆಕ್ಕದಲ್ಲಿ ದರ.

"ಹೊಸಾದು ಅಲ್ರಿ ಸಾಹೇಬ್ರ. ಹಳೇದರ ಕೆಳಗ ಸೇರಿಸೇನಿ. ನಿಮ್ಮ ಆಫೀಸಿನ ಪದ್ಧತಿ."

ವಕೀಲರು ಓದಿದರು. ಇದು ಹೊಸದು ಎಂದರೆ ಇಷ್ಟು ವರ್ಷ ಮಂಗಳವಾರ ಬಂದವರೆಲ್ಲರದೂ ಹೊಸದೇ ಆಗುತ್ತದೆ. ಬಾಗಿಲಲ್ಲಿ ಶಾರವ್ವ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು. ಅವಳನ್ನೊಮ್ಮೆ ದುರುಗುಟ್ಟಿ ನೋಡಿ ಸಹಿ ಹಾಕಿದರು.

ಪೆನ್ನು ಕೆಳಗಿಡುತ್ತ ದನಿ ತಗ್ಗಿಸಿ ಕೇಳಿದರು. "ಅಲ್ಲವ್ವಾ, ಹೊಸಾ ಸಾಫ್ಟ್‌ವೇರಿನಾಗ ಮಂಗಳವಾರಕ್ಕ ಏನರ ವ್ಯವಸ್ಥಾ ಮಾಡಾಕ ಬರತೈತೇನು? ಎಷ್ಟಾಗತೈತಿ?"

"ಮಾಡಾಕ ಬರತೈತ್ರಿ" ಎಂದಳು ಇರಮ. "ದರ ಮಾತ್ರ ಈಗ ಹೇಳಂಗಿಲ್ಲ. ಮೊದಲ ಬುಧವಾರ, ಗುರುವಾರಕ್ಕ ನೀವೇನು ಮಾಡ್ತೀರಿ ಅನ್ನೂದನ್ನೂ ನೋಡಬೇಕು."