ಹೊಸಿಲ ಮೇಲಿನ ಕುಂಬಳಕಾಯಿ

ಮಗಳು ಅಳಿಯ ಸ್ಕ್ಯಾನಿಂಗಿಗೆ ಹೋಗಿ ಅರ್ಧ ಗಂಟೆ ಆಗಿರಬೇಕು. ಬಾಗಿಲು ತೆಗೆದರೆ ಹೊಸಿಲ ಮೇಲೆ ಒಂದು ಕುಂಬಳಕಾಯಿ, ಪಕ್ಕದಲ್ಲಿ ಎರಡು ನಿಂಬೆಹಣ್ಣು. ಇಟ್ಟವರ ಸುಳಿವಿಲ್ಲ. ಹಿಮದ ಮೇಲೆ ಸಣ್ಣ ಹೆಜ್ಜೆಗಳು ಮಾತ್ರ ಪಕ್ಕದ ಮನೆಯಿಂದ ಬಂದು ಪಕ್ಕದ ಮನೆಗೇ ವಾಪಸ್ ಹೋಗಿದ್ದವು.

ಆ ಮನೆಯಲ್ಲಿರೋದು ತೋಮಿಕೊ ಅಜ್ಜಿ ಒಬ್ಬಳೇ. ಎಂಬತ್ತರ ಮೇಲಾಗಿದೆ. ನನ್ನ ಅನುಮಾನ ಇವತ್ತಿನದಲ್ಲ, ಹೋದ ವರ್ಷದ್ದು.

ಅಳಿಯ ಚೇತನ್‌ಕುಮಾರ್‌ಗೆ ಜಪಾನಿನ ಈ ಬೆಟ್ಟದ ಹಳ್ಳಿ ಹತ್ತಿರ ಟ್ರ್ಯಾಕ್ಟರ್ ಬಿಡಿಭಾಗದ ಕಾರ್ಖಾನೆಯಲ್ಲಿ ಕೆಲಸ. ಮಗಳು ಚೈತ್ರಾ ಮೊದಲನೇ ಸಲ ಬಸುರಿಯಾದಾಗ ಮಾಡದಕೆರೆಯಿಂದ ರಾಗಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಂಡು ಬಂದಿದ್ದೆ. ಆಗಿನ್ನೂ ಗದ್ದೆ ನಾಟಿ. ನೀರು ನಿಂತ ಗದ್ದೆಯಲ್ಲಿ ಬೆಟ್ಟ ತಲೆಕೆಳಗಾಗಿ ಕಾಣೋದು. ಮಳೆಗಾಲ ಮುಗಿದು ಬೇಸಿಗೆ ಬಂತು, ಜೀರುಂಡೆಗಳ ಸದ್ದಿಗೆ ಕಿವಿ ತೂತಾಗುವ ಹಾಗಿತ್ತು. ಆಗಸ್ಟ್ ನಡುವೆ ಒಂದು ಸಂಜೆ ಅಜ್ಜಿ ತನ್ನ ಗೇಟಿನ ಮುಂದೆ ಸಣ್ಣ ಬೆಂಕಿ ಹಾಕಿ ಪಕ್ಕದಲ್ಲಿ ಒಂದು ಸೌತೆಕಾಯಿ, ಒಂದು ಬದನೆಕಾಯಿ ಇಟ್ಟಳು. ಎರಡಕ್ಕೂ ನಾಲ್ಕು ನಾಲ್ಕು ಕಡ್ಡಿ ಚುಚ್ಚಿದ್ದಳು. ಕೈಮುಗಿದು ಏನೋ ಗೊಣಗಿದಳು. ಮೂರನೇ ದಿನಕ್ಕೆ ಚೈತ್ರಾಳ ಬಸಿರು ಇಳಿದುಹೋಯಿತು.

ಡಾಕ್ಟರು ಇದು ಯಾರ ತಪ್ಪೂ ಅಲ್ಲ ಅಂದರು. ಇರಬಹುದು. ಆದರೆ ಕಡ್ಡಿ ಚುಚ್ಚಿದ ಬದನೆಕಾಯಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಎರಡನೇ ಬಸಿರು, ಐದನೇ ತಿಂಗಳು. ಬೆಟ್ಟದ ಎಲೆಯೆಲ್ಲ ಕೆಂಪಾಗಿದ್ದಾಗ ಬಂದವಳು ನಾನು. ಒಂದು ತಿಂಗಳಿಂದ ಅಜ್ಜಿ ಚೈತ್ರಾಳ ಹೊಟ್ಟೆ ನೋಡಿ ನಗೋದು, ನಾನು ನಡುವೆ ಹೋಗಿ ನಿಲ್ಲೋದು, ಇದೇ ನಡೆದಿತ್ತು. ಇವತ್ತು ನೋಡಿದರೆ ಕುಂಬಳಕಾಯಿ. ಅದೂ ಅವರು ಹೋಗೋದನ್ನೇ ಕಾದಿದ್ದ ಹಾಗೆ.

ಊರಲ್ಲಿ ನಮ್ಮಕ್ಕ ಪಾರ್ವತಮ್ಮಗೆ ವಿಡಿಯೋ ಕಾಲ್ ಮಾಡಿದೆ. ಆಗಷ್ಟೇ ಹಾಲು ಕರೆದು ಎದ್ದಿದ್ದಳು.

"ಬೂದುಗುಂಬಳನೇನೇ?"

"ಅಲ್ಲ ಕಣಕ್ಕ, ಸಿಹಿಗುಂಬಳ ಇದ್ದಂಗೈತೆ. ಸಿಪ್ಪೆ ಹಸಿರು."

"ಯಾವುದಾದ್ರೇನು, ನಿಂಬೆಹಣ್ಣು ಜೊತೆಗೈತಲ್ಲ. ಬರಿಗೈಲಿ ಮುಟ್ಟಬ್ಯಾಡ. ಮೂರು ದಾರಿ ಸೇರೋ ಕಡೆ ಒಡೆದು ಬಾ, ತಿರುಗಿ ನೋಡಬ್ಯಾಡ."

"ಕಾಲು ಜಾರ್ತದೆ ಅಕ್ಕ, ಹಿಮ."

"ಜಾರಿದ್ರೂ ಮುಂದಕ್ಕೇ ಬೀಳು."

ಹಳೇ ಟವಲಿನಲ್ಲಿ ಸುತ್ತಿಕೊಂಡು ಹೋದೆ. ಗದ್ದೆ ದಾರಿ ಡಾಂಬರು ರಸ್ತೆಗೆ ಸೇರೋ ಕಡೆ ಎತ್ತಿ ಹಾಕಿದೆ. ಬಿಳಿ ಹಿಮದ ಮೇಲೆ ಅರಿಶಿನದಂಥ ತಿರುಳು ಚೆಲ್ಲಿತು. ನಿಂಬೆಹಣ್ಣು ತುಳಿದರೆ ಎಂಥಾ ಘಮ ಅಂತೀರಿ, ನಮ್ಮ ನಿಂಬೆಗೆ ಆ ವಾಸನೆ ಇಲ್ಲ. ತಿರುಗಿ ನೋಡದೆ ಬಂದು ಕಾಲು ತೊಳೆದೆ.

ಮಧ್ಯಾಹ್ನ ಇಬ್ಬರೂ ಬಂದರು. "ಎಲ್ಲ ಸರಿ ಐತಂತಮ್ಮ, ಕೈ ಆಡಿಸ್ತಿತ್ತು," ಅಂದಳು ಚೈತ್ರಾ. ಸದ್ಯ, ಒಡೆದಿದ್ದು ಒಳ್ಳೇದಾಯ್ತು ಅಂದುಕೊಂಡೆ.

ನಾಲ್ಕು ಗಂಟೆಗೆ ಬಾಗಿಲು ತಟ್ಟಿದ ಸದ್ದು. ತೋಮಿಕೊ ಅಜ್ಜಿ. ಕೈಯಲ್ಲಿ ಇನ್ನೊಂದು ಕುಂಬಳಕಾಯಿ, ಇನ್ನೆರಡು ಹಣ್ಣು. ಸೊಂಟ ಮುರಿಯೋ ಹಾಗೆ ಬಗ್ಗಿ ಬಗ್ಗಿ ಏನೋ ಹೇಳಿದಳು. ಚೈತ್ರಾಳ ಮುಖ ಕೆಂಪಾಯಿತು.

"ಅಮ್ಮ, ಕುಂಬಳಕಾಯಿ ರೋಡಲ್ಲಿ ಒಡೆದಿದ್ದು ನೀನಾ?"

"ಯಾಕೆ?"

"ರೋಡಲ್ಲಿ ಬಿದ್ದಿದ್ದು ನೋಡಿ ಕ್ಷಮೆ ಕೇಳ್ತಾ ಅವ್ರೆ. ಒಳಗೆ ಕೊಳೆತಿತ್ತೇನೋ, ನೋಡದೆ ಬಸುರಿ ಮನೆಗೆ ಕೊಟ್ಟುಬಿಟ್ಟೆ ಅಂತ. ಇದು ಅವ್ರ ಮನೇಲಿರೋ ಕೊನೇದಂತೆ."

ಚೇತನ್ ಬಿಡಿಸಿ ಹೇಳಿದ: "ಇವತ್ತು ವರ್ಷದಲ್ಲೇ ಗಿಡ್ಡ ಹಗಲು ಅತ್ತೆ. ಇವತ್ತು ಕುಂಬಳಕಾಯಿ ತಿಂದು, ಈ ಹಣ್ಣು ಹಾಕಿದ ಬಿಸಿನೀರಲ್ಲಿ ಸ್ನಾನ ಮಾಡಿದ್ರೆ ಚಳಿಗಾಲ ಪೂರ್ತಿ ಕಾಯಿಲೆ ಬರಲ್ಲ ಅಂತ ಇವರ ಪದ್ಧತಿ."

"ಆಯ್ತಪ್ಪ. ಹೋದ್ವರ್ಷ ಸೌತೆಕಾಯಿಗೆ ಕಡ್ಡಿ ಚುಚ್ಚಿದ್ದು ಯಾವ ಕಾಯಿಲೆಗೆ, ಕೇಳು."

ಚೈತ್ರಾ ಬೇಡ ಅಂದಳು, ನಾನು ಬಿಡಲಿಲ್ಲ. ಅಜ್ಜಿ ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ಹೇಳಿದಳು. ಕಡ್ಡಿಗಳು ಕಾಲಂತೆ. ಸೌತೆಕಾಯಿ ಕುದುರೆ, ಸತ್ತವರು ಮನೆಗೆ ಬೇಗ ಬರಲಿ ಅಂತ. ಬದನೆಕಾಯಿ ಎತ್ತು, ವಾಪಸ್ ಹೋಗೋವಾಗ ನಿಧಾನ ಹೋಗಲಿ ಅಂತ.

"ಬರೋರು ಯಾರಂತೆ?"

"ಗಂಡ. ಆಮೇಲೆ ಮೂರು ತಿಂಗಳ ಕೂಸು, ಹೆಣ್ಣಂತೆ. ಅದು ಹೋಗಿ ಐವತ್ತೈದು ವರ್ಷ ಆಯ್ತಂತೆ," ಅಂದ ಚೇತನ್.

ನಾವು ಪಕ್ಷದಲ್ಲಿ ಎಡೆ ಇಡ್ತೀವಲ್ಲ, ಹಾಗೆ. ಆದರೂ ಅನುಮಾನ ಪೂರ್ತಿ ಹೋಯಿತು ಅಂದರೆ ಸುಳ್ಳಾಗುತ್ತದೆ. ಕೂಸು ಕಳಕೊಂಡವಳ ಕಣ್ಣೇ ಅಲ್ಲವೇ ಬಸುರಿಗೆ ಮೊದಲು ತಗಲೋದು ಅಂತ ಒಳಗೆ ಪಾರ್ವತಮ್ಮನ ದನಿ ಕೇಳುತ್ತಲೇ ಇತ್ತು.

"ಒಳಗೆ ಬರ್ರಿ, ಕುಂತ್ಕಳ್ರಿ," ಅಂದೆ. ಕನ್ನಡ ಅರ್ಥವಾದವಳ ಹಾಗೆ ಚಪ್ಪಲಿ ಬಿಟ್ಟು ಬಂದಳು.

ಇಡೀ ಕುಂಬಳಕ್ಕೆ ಹೆಂಗಸರು ಮೊದಲ ಕೊಯ್ತ ಹಾಕಬಾರದು. ಚೇತನ್ ಕೈಲಿ ಹೋಳು ಮಾಡಿಸಿ, ಸಾಸಿವೆ, ಒಣಮೆಣಸಿನಕಾಯಿ, ಚೂರು ಬೆಲ್ಲ ಹಾಕಿ ಪಲ್ಯ ಮಾಡಿದೆ. ಚೈತ್ರಾ ತಟ್ಟೆ ಎಳಕೊಂಡಳು. ನಾನು ಕಿತ್ತುಕೊಂಡೆ.

"ಮೊದ್ಲು ನಾನು."

"ಅಮ್ಮ, ಅವ್ರ ಎದುರಿಗೇ?"

"ಎದುರಿಗೇ."

ಒಂದು ತಟ್ಟೆ ಪೂರ್ತಿ ತಿಂದೆ. ಗಡಿಯಾರ ನೋಡುತ್ತಾ ಕೂತೆ. ಅಜ್ಜಿ ನನ್ನನ್ನೂ ಗಡಿಯಾರವನ್ನೂ ನೋಡಿದಳು. ಆಮೇಲೆ ತಾನೇ ಒಂದು ಹೋಳು ತೆಗೆದು ಬಾಯಿಗಿಟ್ಟುಕೊಂಡು, ಕೈಕಟ್ಟಿ ನನ್ನ ಜೊತೆ ಗಡಿಯಾರ ನೋಡತೊಡಗಿದಳು. ಕಾಲು ಗಂಟೆ ಹಾಗೇ ಕೂತಿದ್ದೆವು. ಮೆಣಸಿನಕಾಯಿಗೆ ಅವಳ ಕಣ್ಣಲ್ಲಿ ನೀರು ಬಂತು, ಅಷ್ಟೇ.

ನಾನೇ ಎದ್ದು ಚೈತ್ರಾಗೆ ಬಡಿಸಿದೆ.

ಅಷ್ಟರಲ್ಲಿ ಫೋನು. ಪರದೆಯಲ್ಲಿ ಪಾರ್ವತಮ್ಮ. "ಒಡೆದ್ಯಾ?"

"ಒಡೆದೆ. ತಿರುಗಿ ನೋಡಲಿಲ್ಲ."

"ಏನದು ತಿಂತಿರೋದು?"

"ಸಿಹಿಗುಂಬಳದ ಪಲ್ಯ."

"ಅಲ್ಲೂ ಸಿಗ್ತದೇನೇ?"

ಅಜ್ಜಿ ಇನ್ನೊಂದು ಹೋಳಿಗೆ ಕೈ ಚಾಚಿದ್ದಳು. ತಟ್ಟೆ ಅವಳ ಕಡೆ ಸರಿಸಿದೆ.

"ಪಕ್ಕದ ಮನೆಯೋರು ಕೊಟ್ರು," ಅಂದೆ.