ಖಾನಾಪುರದ ಖಾಲಿ ಹಾಜರಿ

ಗುರುಪುತ್ರಪ್ಪನವರು ಬರೆದ ನಿಯಮಾವಳಿಯಲ್ಲಿ ಒಂದು ಅಲ್ಪವಿರಾಮವನ್ನೂ ಈತನಕ ಯಾರೂ ಕದಲಿಸಿರಲಿಲ್ಲ. ಮುಕ್ತ ವಿಶ್ವವಿದ್ಯಾಲಯದ ಬೆಳಗಾವಿ ಪ್ರಾದೇಶಿಕ ಕಚೇರಿಯಲ್ಲಿ ಯೋಜನಾ ವಿಭಾಗದ ಮುಖ್ಯಸ್ಥರಾದ ಅವರು ಹನ್ನೆರಡು ವರ್ಷಗಳ ಹಿಂದೆ, ರಾಮತೀರ್ಥ ನಗರದ ತಮ್ಮ ಮನೆಯ ಮಹಡಿಯಲ್ಲಿ ಕುಳಿತು ಅದನ್ನು ರಚಿಸಿದ್ದರು. ಸಂಪರ್ಕ ತರಗತಿಗಳು ರವಿವಾರವೇ ನಡೆಯತಕ್ಕದ್ದು. ಕೊಠಡಿಯಲ್ಲಿ ಕುಳಿತವರನ್ನಷ್ಟೇ ಹಾಜರೆಂದು ಎಣಿಸತಕ್ಕದ್ದು. ವರ್ಷವಿಡೀ ಹಾಜರಿ ಕಾಣದ ಅಧ್ಯಯನ ಕೇಂದ್ರವನ್ನು ಮುಚ್ಚತಕ್ಕದ್ದು. ಆ ಕಾಲದಲ್ಲಿ ಸುಳ್ಳು ಹಾಜರಿಯ ಹಾವಳಿ ಅಷ್ಟಿತ್ತು. ಅದನ್ನು ಅಡಗಿಸಿದ್ದು ತಮ್ಮ ಲೇಖನಿಯೆಂಬ ಹೆಮ್ಮೆ ಅವರಿಗಿತ್ತು, ಇರಬೇಕಾದದ್ದೂ ಸಹಜವೇ.

ಈಗ ಖಾನಾಪುರದ ಸರದಿ ಬಂದಿತ್ತು. ಇಪ್ಪತ್ತಮೂರು ಹೆಸರುಗಳ ಮುಂದೆ ಸಾಲುಸಾಲು ಖಾಲಿ ಚೌಕಗಳು. ಸೋಮವಾರ ಸಮಿತಿಯ ಸಭೆ. ಶಿಫಾರಸಿಗೆ ಸಹಿ ಹಾಕುವ ಮುನ್ನ ಕಣ್ಣಾರೆ ಕಂಡು ಬರುವುದು ಧರ್ಮವೆಂದು ಬಗೆದು, ಅವರು ರವಿವಾರ ಮುಂಜಾನೆಯೇ ಬಸ್ಸು ಹತ್ತಿದರು.

ಕೇಂದ್ರಕ್ಕೆಂದು ಬಿಟ್ಟುಕೊಟ್ಟಿದ್ದ ಶಾಲಾ ಕೊಠಡಿ ತೆರೆದೇ ಇತ್ತು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ, 'ಸಂತೆಯಲ್ಲಿದ್ದೇನೆ. ಮಧುಕರ' ಎಂದು ಬರೆದಿತ್ತು. ಸಂಯೋಜಕನೇ ಸಂತೆ ಸುತ್ತಲು ಹೋದರೆ ವಿದ್ಯಾರ್ಥಿಗಳ ಮಾತೇನು! ಸಿಟ್ಟು ನೆತ್ತಿಗೇರಿಸಿಕೊಂಡೇ ಗುರುಪುತ್ರಪ್ಪನವರು ಸಂತೆಯೊಳಗೆ ನುಗ್ಗಿದರು.

ಮಧುಕರ ಸಿಕ್ಕಿದ. ಗೆಣಸಿನ ರಾಶಿಯ ಬಾಜುಕ್ಕೆ ಗೋಣಿಚೀಲದ ಮೇಲೆ ಕುಳಿತು, ತೊಡೆಯ ಮೇಲೆ ರಾಜ್ಯಶಾಸ್ತ್ರದ ಪುಸ್ತಕ ತೆರೆದುಕೊಂಡಿದ್ದ. ಎದುರಿಗೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ತಕ್ಕಡಿ ಹಿಡಿದಿದ್ದಳು.

"ಗ್ರಾಮಸಭಾ ಕರಿಯೂ ಅಧಿಕಾರ ಯಾರಿಗೈತಿ? ಹೇಳ್ರಿ ಮಾಯಕ್ಕ."

"ತೂಕ ಮಾಡೂಮುಂದ ಪ್ರಶ್ನಿ ಕೇಳಬ್ಯಾಡ್ರಿ ಅಂತ ಎಷ್ಟ ಸಲ ಹೇಳೇನ್ರಿ ಸರ? ಹ್ವಾದ ವಾರ ಸಂವಿಧಾನ ಹೇಳಕೋತ ಅರ್ಧ ಕಿಲೋ ಹೆಚ್ಚಿಗಿ ಹಾಕಿದ್ನಿ."

"ಹಂಗಾದ್ರ ಇವತ್ತೂ ಸಂವಿಧಾನಾನ ಹೇಳ್ರಿ ಮಾಸ್ತರ!" ಎಂದ ಗಿರಾಕಿ, ಚೀಲ ಅಗಲಿಸಿ ಹಿಡಿಯುತ್ತ.

ನಗುತ್ತ ತಲೆಯೆತ್ತಿದ ಮಧುಕರ, ಹಿರಿಯರನ್ನು ಕಂಡು ಧಡಕ್ಕನೆ ಎದ್ದು ನಿಂತ. ಮಾಯಕ್ಕನಿಗೆ ಗುರುತು ಹತ್ತಲಿಲ್ಲ.

"ಇವ್ರು ಹೊಸಾ ವಿದ್ಯಾರ್ಥಿ ಏನ್ರಿ? ಕುಂದರ್ರಿ ಕಾಕಾ. ನಾಚಬ್ಯಾಡ್ರಿ, ಓದಾಕ ವಯಸ್ಸೇನ ಅಡ್ಡಿಲ್ಲ."

ಗುರುಪುತ್ರಪ್ಪನವರು ಕುಳಿತರು. ಕಾಲು ನೋಯುತ್ತಿದ್ದುದೂ ಹೌದು. ಪಾಠ ಕಣ್ಣೆದುರೇ ನಡೆದಿರುವಾಗ ಬೈಯಲು ಕಾರಣ ಉಳಿಯದೆ ಹೋದುದೂ ಹೌದು.

"ಮಧುಕರ, ಪಾಠ ನಡದೈತಿ. ಮತ್ತ ಹಾಜರಿ ಯಾಕ ಖಾಲಿ?"

"ಇವ್ರೆಲ್ಲಾ ವಾರದ ಸಂತಿ ಬಿಟ್ಟು ಬರಾಕ ಆಗೂದಿಲ್ರಿ ಸರ. ಅದಕ್ಕ ನಾನ ಒಬ್ಬೊಬ್ಬರ ಕಡೆ ಹೋಗಿ ಪಾಠ ಹೇಳತೀನಿ. ಅತ್ಲಾಗ ಮಡಕಿ ಮಾರೂ ಸಿದರಾಯ ಅದಾನ, ಅವಂಗೂ ಹೇಳೂದೈತಿ. ಖರೇ ಅಂದ್ರ, ನಿಯಮದಾಗ ಕೊಠಡಿ ಅಂತ ಐತಿ. ಸಂತ್ಯಾಗ ಕುಂತವ್ರನ್ನ ಹಾಜರ್ ಅಂತ ಸುಳ್ಳ ಹ್ಯಾಂಗ ಬರೀಲಿ?"

ಸುಳ್ಳನ್ನು ತಡೆಯಲು ಬರೆದ ಸಾಲು ಒಬ್ಬ ಪ್ರಾಮಾಣಿಕನ ಕೈ ಕಟ್ಟಿಹಾಕಿತ್ತು.

"ನಮ್ಮ ಕೇಂದ್ರ ಮುಚ್ಚತಾರಂತ, ಹೌದೇನ್ರಿ ಕಾಕಾ?" ಮಾಯಕ್ಕ ತಕ್ಕಡಿ ಕೆಳಗಿಟ್ಟಳು. "ಎರಡ ವರ್ಷ ಪಾಸಾಗೇನ್ರಿ. ಇನ್ನೊಂದ ವರ್ಷ ಉಳದೈತಿ. ಬೆಳಗಾವಿಗೆ ಬಾ ಅಂದ್ರ, ಸಂಜಿಕ ನಮ್ಮೂರಿಗೆ ಹೊಳ್ಳಿ ಬರಾಕ ಬಸ್ಸಿಲ್ಲ. ಅಲ್ಲಿಗೆ ನನ್ನ ಓದು ಮುಗೀತು. ಬೆಳಗಾವಿ ಮಂದಿಗೆ ರವಿವಾರ ಸೂಟಿ ಇರ್ತೈತಿ. ನಮಗ ವಾರದ ದುಡಿಮಿ ಅವತ್ತ. ಆ ನಿಯಮ ಬರದವ್ರು ಒಮ್ಮಿನೂ ಖಾನಾಪುರ ಸಂತಿಗೆ ಬಂದಿರಾಕಿಲ್ಲ ಬಿಡ್ರಿ."

"ಬಂದಿದ್ದಿಲ್ಲವ್ವಾ," ಎಂದರು ಗುರುಪುತ್ರಪ್ಪನವರು ಮೆಲ್ಲಗೆ. "ಇವತ್ತ ಬಂದಾನ."

ಮಾಯಕ್ಕ ಮಧುಕರನ ಮುಖ ನೋಡಿದಳು. ಅರ್ಥವಾಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವರು ಆ ಮುಜುಗರವನ್ನು ಬೆಳೆಯಗೊಡದೆ ಚೀಲದಿಂದ ಕಾಗದ ತೆಗೆದರು.

"ಯಾವ ವಾರ ನಿಮಗ ಅನುಕೂಲ?"

ಹನ್ನೆರಡು ವರ್ಷಗಳಲ್ಲಿ ಅವರು ಯಾರನ್ನೂ ಕೇಳದಿದ್ದ ಪ್ರಶ್ನೆ ಅದು. ಮಾಯಕ್ಕ ತಾನೊಬ್ಬಳೇ ಉತ್ತರಿಸಲಿಲ್ಲ; ನಾಲ್ಕು ಅಂಗಡಿ ಆಚೆಯವರೆಗೂ ಕೂಗಿ ವಿಚಾರಿಸಿದಳು. ಬುಧವಾರವೆಂದರೆ ಒಬ್ಬರಿಗೆ ಗದ್ದೆ ಕೆಲಸ, ಶುಕ್ರವಾರವೆಂದರೆ ಇನ್ನೊಬ್ಬರಿಗೆ ಮನೆಯಲ್ಲಿ ವ್ರತ. ಸಿದರಾಯ ಮಡಕೆಗಳ ನಡುವಿನಿಂದಲೇ ಮರಾಠಿಯಲ್ಲಿ ಜಗಳ ತೆಗೆದ. ಕಡೆಗೆ ಗುರುವಾರ ಮಧ್ಯಾಹ್ನವೆಂದು ಗೊತ್ತಾಯಿತು. ಗುರುಪುತ್ರಪ್ಪನವರು ಮೊಣಕಾಲ ಮೇಲೆ ಕಾಗದವಿಟ್ಟು ಬರೆದುಕೊಂಡರು. ಅವರ ವಾಕ್ಯ ಇಷ್ಟು ಸಾದಾ ಎಂದೂ ಆಗಿರಲಿಲ್ಲ.

ಮರುದಿನ ಗುರುಪುತ್ರಪ್ಪನವರ ಟಿಪ್ಪಣಿಯನ್ನು ಸಮಿತಿಯ ಅಧ್ಯಕ್ಷೆ ಶುಭದಾ ಎರಡು ಸಲ ಓದಿದರು.

"ಸರ, ಈ ನಿಯಮಕ್ಕ ಕೈ ಹಚ್ಚಬ್ಯಾಡ್ರಿ ಅಂತ ನಮ್ಮ ಕೂಡ ಜಗಳಾಡಿದವ್ರು ನೀವ. ಈಗ ತಪ್ಪು ಯಾರದಂತ ಬರಿಯೂಣು?"

ಗುರುಪುತ್ರಪ್ಪನವರ ನಿವೃತ್ತಿಗೆ ಇನ್ನು ಆರೇ ತಿಂಗಳು.

"ನಂದ ಅಂತ ಬರೀರಿ. ಹೆಸರ ಹಾಕೇ ಬರೀರಿ."

ಖಾನಾಪುರ ಕೇಂದ್ರಕ್ಕೆ ಇನ್ನೊಂದು ವರ್ಷದ ಅವಧಿ ದೊರೆಯಿತು. ವಾರವನ್ನು ಆಯಾ ಊರಿನ ವಿದ್ಯಾರ್ಥಿಗಳೇ ಆರಿಸಿಕೊಳ್ಳಬಹುದೆಂದು ನಿರ್ಣಯವಾಯಿತು.

ಗುರುಪುತ್ರಪ್ಪನವರು ಮಧುಕರನಿಗೆ ಫೋನ್ ಮಾಡಿ ಸುದ್ದಿ ಹೇಳಿದರು. ಅವನು, "ಗುರುವಾರ ಎಲ್ಲಾರೂ ಬರತಾರಂತ ಹೇಳಾಕ ಆಗೂದಿಲ್ರಿ ಸರ," ಎಂದ.

"ಬಂದವ್ರಿಗೆ ಅಲ್ಲೇ ಕುಂತು ಹೇಳು. ಬರಲಾರದವ್ರ ಕಡೆ ನೀನ ಹೋಗು, ಹಾಜರಿ ಹಚ್ಚು. ಈಗ ನಿಯಮದಾಗ ಅದನ್ನೂ ಬರದೀವಿ."