ದೊರೆಸಾನಿಯ ಗಾಜಿನ ಹಾರ

ಎಲ್ಸ್‌ವಾಲ್ಡೆಯ ಅರಮನೆಯಲ್ಲಿ ಒಂದು ಪದ್ಧತಿ ಇತ್ತು. ದೊರೆಸಾನಿಯ ಕೈಬರಹದ ಕಾಗದ ಸಾಮಾನ್ಯರ ಮನೆಯಲ್ಲಿ ಉಳಿಯಕೂಡದು. ತಂದವರ ಎದುರಿಗೇ ಓದಬೇಕು, ಮೊಹರಿಗೆ ಮುತ್ತಿಟ್ಟು ವಾಪಸು ಕೊಡಬೇಕು. ಕೊಡದೆ ಇಟ್ಟುಕೊಂಡವನು ಮರ್ಯಾದೆಗೆಟ್ಟವನು. ರತ್ನದ ಕೆಲಸದ ಯೋಸ್ಟ್ ಮರ್ಯಾದಸ್ಥ. ಹೋದ ಶರತ್ಕಾಲದ ಮೊದಲಲ್ಲೇ ಅಂತಃಪುರದ ಹಿರಿಯ ಸಖಿ ಫಾನ್ ಟ್ರೆಸ್ಕೋ ಲಂಗ ಎತ್ತಿ ಹಿಡಿದುಕೊಂಡು ಅವನ ಅಂಗಡಿಯೊಳಗೆ ಬಂದು ಕಾಗದ ಕೊಟ್ಟಾಗ, ಅವನು ನಿಂತೇ ಓದಿದ, ಮುತ್ತಿಟ್ಟ, ಮರಳಿ ಕೊಟ್ಟ. ಹೆಂಡತಿ ಒಟೀಲಿಯಾ ಒಲೆಯ ಹತ್ತಿರ ಸೌಟು ಹಿಡಿದುಕೊಂಡು ಇದನ್ನೆಲ್ಲ ಕಣ್ಣಾರೆ ನೋಡಿದ್ದಳು.

ಕಾಗದದಲ್ಲಿ ಇದ್ದದ್ದು ಇಷ್ಟೇ: ನನ್ನ ವಜ್ರದ ಹಾರದಂಥದೇ ಒಂದು ಗಾಜಿನ ಹಾರ ಮಾಡು, ಪ್ರಯಾಣಕ್ಕೆ ಬೇಕು. ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ. ದಾರಿಗಳ್ಳರ ಭಯಕ್ಕೆ ದೊಡ್ಡ ಮನೆಯ ಹೆಂಗಸರೆಲ್ಲ ಅಸಲು ಮನೆಯಲ್ಲಿಟ್ಟು ನಕಲು ಹಾಕಿಕೊಂಡೇ ಗಾಡಿ ಹತ್ತುತ್ತಿದ್ದರು. ಟ್ರೆಸ್ಕೋ ಅಸಲು ಹಾರವನ್ನು ಮೂರು ದಿನ ಮಾದರಿಗೆ ಬಿಟ್ಟು ಹೋದಳು. ಯೋಸ್ಟ್ ನಾಲ್ಕು ತಿಂಗಳು ಬಾಗಿಲು ಹಾಕಿಕೊಂಡು ಗಾಜು ಕಡೆದ. ಪ್ರತಿ ಕಲ್ಲಿನ ತಳದಲ್ಲಿ ಸೂಜಿಮೊನೆಯಿಂದ ಒಂದು ಕಪ್ಪು ಚುಕ್ಕೆ ಇಟ್ಟ. ಆ ಚುಕ್ಕೆ ಇದ್ದರೆ ಗಾಜಿಗೂ ವಜ್ರದ ಆಳ ಬರುತ್ತದೆ. ಅಷ್ಟು ಸಣ್ಣ ಚುಕ್ಕೆ ಇಡುವ ಕೈ ಆ ಸೀಮೆಯಲ್ಲಿ ಇನ್ನೊಂದು ಇರಲಿಲ್ಲ. ಕ್ರಿಸ್‌ಮಸ್ಸಿನ ಹೊತ್ತಿಗೆ ಹಾರ ಅರಮನೆಗೆ ಹೋಯಿತು. ಆ ವರ್ಷ ಅವರ ಮನೆಯಲ್ಲೂ ಹಬ್ಬಕ್ಕೆ ಬಾತುಕೋಳಿ ಬೆಂದಿತ್ತು.

ಫೆಬ್ರವರಿಯಲ್ಲಿ ದೊರೆಗೆ ಹಾರದ ಕೊಂಡಿ ಬದಲಾಯಿಸುವ ಹುಚ್ಚು ಹತ್ತಿತು. ಡ್ರೆಸ್ಡೆನ್ನಿನಿಂದ ಬಂದ ಒಡವೆಗಾರ ವಜ್ರದ ಹಾರದ ಪೆಟ್ಟಿಗೆ ತೆರೆದು ಅಭ್ಯಾಸಬಲದಿಂದ ಒಂದು ಕಲ್ಲಿನ ಮೇಲೆ ಉಸಿರು ಬಿಟ್ಟ. ವಜ್ರದ ಮೇಲೆ ಉಸಿರಿನ ಮಬ್ಬು ನಿಲ್ಲುವುದಿಲ್ಲ. ಇದು ನಿಂತಿತು. ಇನ್ನೊಂದಕ್ಕೆ ಊದಿದ, ಅದೂ ಮಬ್ಬು. ಹಾರ ತಿರುಗಿಸಿ ಕಪ್ಪು ಚುಕ್ಕೆ ನೋಡಿದ ಮೇಲೆ ಯಾರ ಕೆಲಸ ಅಂತ ಕೇಳುವ ಅಗತ್ಯವೇ ಬೀಳಲಿಲ್ಲ. ಅದೇ ಸಂಜೆ ಸಿಪಾಯಿಗಳು ಬಂದು, ತಟ್ಟೆಯಲ್ಲಿದ್ದ ಸಾರನ್ನೂ ಮುಗಿಸಲು ಬಿಡದೆ ಯೋಸ್ಟ್‌ನನ್ನು ಎಳೆದುಕೊಂಡು ಹೋದರು.

"ಮಾಡಿದ್ದು ನಾನೇ ಬುದ್ಧಿ. ದೊರೆಸಾನಿ ಅಪ್ಪಣೆ ಆಗಿತ್ತು" ಎಂದ ಯೋಸ್ಟ್ ವಿಚಾರಣೆಯಲ್ಲಿ.

"ಅಪ್ಪಣೆ ಕಾಗದ ಎಲ್ಲಪ್ಪಾ?"

"ಪದ್ಧತಿ ಪ್ರಕಾರ ವಾಪಸು ಕೊಟ್ಟೆ."

ನ್ಯಾಯಾಧೀಶ ಪಕ್ಕದವನ ಮುಖ ನೋಡಿದ. ಇಬ್ಬರೂ ನಕ್ಕರು. ಒಟೀಲಿಯಾ ಕಂಡದ್ದನ್ನು ಹೇಳಹೋದರೆ, ಗಂಡನ ಪರ ಹೆಂಡತಿಯ ಸಾಕ್ಷಿ ನಡೆಯುವುದಿಲ್ಲ ಎಂದರು. ಟ್ರೆಸ್ಕೋಳನ್ನು ಕೇಳಿದರು. ಕಾಗದವೇ? ಯಾವ ಕಾಗದ? ತಾನು ಹಾರ ತೊಳೆಸಲು ಕೊಟ್ಟಿದ್ದೆ, ಅಷ್ಟೇ ಎಂದಳು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸುವುದು ಹೀಗೆಯೇ, ಅದೂ ಕೈಗವಸು ಹಾಕಿಕೊಂಡು, ನಯವಾಗಿ.

ಮರುದಿನ ಬ್ರೆಡ್ಡಿನ ಅಂಗಡಿಯಲ್ಲಿ ಅಂಗಡಿಯವಳು ಡೋರ್ಟೆ ಕಾದಿದ್ದಳು. ಹಿಂದಿನ ವಾರದವರೆಗೂ ಒಟೀಲಿಯಾಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಪ್ರಾರ್ಥನೆ ಮಾಡಿದವಳು.

"ಅಲ್ಲ ಕಣೇ ಒಟೀಲಿ, ನಿನ್ ಗಂಡ ನಾಲ್ಕ್ ತಿಂಗ್ಳು ಬಾಗ್ಲು ಹಾಕ್ಕೊಂಡು ಕೂತಿದ್ನಲ್ಲ, ಅವಾಗ್ಲೇ ಅಂದ್ಕೊಂಡೆ ನಾನು. ಎಲ್ಲಿಟ್ಟಿದೀಯೇ ವಜ್ರಾನ? ಹಿಟ್ಟಿನ್ ಡಬ್ಬದಲ್ಲಾ?"

"ಹುಳಿ ಕೋಸಿನ ಪೀಪಾಯಿಲಿ. ಬಂದು ಕೈ ಹಾಕು, ಸಿಕ್ಕಿದ್ರೆ ನೀನೇ ಇಟ್ಕೋ."

"ಅಬ್ಬಬ್ಬಾ, ಇಷ್ಟಾದ್ರೂ ಬಾಯಿಗೇನೂ ಕಮ್ಮಿ ಇಲ್ಲ!"

ಡೋರ್ಟೆ ಬ್ರೆಡ್ಡನ್ನು ತಲೆಕೆಳಗಾಗಿ ಇಟ್ಟು ಮುಂದೆ ತಳ್ಳಿದಳು. ಆ ಊರಲ್ಲಿ ಗಲ್ಲಿಗೇರಿಸುವವನ ಪಾಲಿನ ಬ್ರೆಡ್ಡನ್ನು ಮಾತ್ರ ಹಾಗೆ ಇಡುವುದು. ಒಟೀಲಿಯಾ ಅದನ್ನು ನೆಟ್ಟಗೆ ತಿರುಗಿಸಿ ಬುಟ್ಟಿಗೆ ಹಾಕಿಕೊಂಡಳು. ಹಸಿವೆಯೇನೂ ಇರಲಿಲ್ಲ, ಹಟವಿತ್ತು.

ಮೂರು ದಿನದೊಳಗೆ ಕಳವು ಒಪ್ಪಿಕೊಳ್ಳದಿದ್ದರೆ ಹೆಬ್ಬೆರಳಿಗೆ ತಿರುಪು ಹಾಕುವುದೆಂದು ತೀರ್ಮಾನವಾಗಿತ್ತು. ಮೂಳೆ ಪುಡಿಯಾಗುವವರೆಗೂ ತಿರುಗಿಸುತ್ತಾರೆ. ಹೆಬ್ಬೆರಳಿಲ್ಲದ ರತ್ನಗಾರ ಭಿಕ್ಷೆಯ ತಟ್ಟೆಯನ್ನೂ ಸರಿಯಾಗಿ ಹಿಡಿಯಲಾರ. ಎರಡನೆಯ ದಿನ ಬೆಳಗ್ಗೆ ಒಟೀಲಿಯಾ ಅರಮನೆಯ ಪ್ರಾರ್ಥನಾ ಮಂದಿರದ ಓಣಿಯಲ್ಲಿ ಹೋಗಿ ಮಂಡಿಯೂರಿದಳು. ದೊರೆಸಾನಿ ಬಂದಳು, ನೋಡಿದಳು, ನಿಂತಳು. ಪಕ್ಕದ ಕೋಣೆಗೆ ಕರೆದು ತಾನೇ ಬಾಗಿಲು ಮುಂದೆ ಮಾಡಿದಳು.

"ಎದ್ದೇಳು ಒಟೀಲಿಯಾ. ಆ ಕಾಗದ ಬರ್ದಿದ್ದು ನಾನೇ."

ಒಟೀಲಿಯಾಳಿಗೆ ಹೋದ ಜೀವ ಬಂದಂತಾಯಿತು. "ನಿಮ್ ಹೊಟ್ಟೆ ತಣ್ಣಗಿರ್ಲಿ ತಾಯೀ! ಆ ಒಂದ್ ಮಾತು ದೊರೆಗಳಿಗೆ ಹೇಳ್ಬಿಡಿ. ಇನ್ನೇನೂ ಬೇಡ ನಮ್ಗೆ."

"ಹೇಳಿದ್ರೆ, ವಜ್ರ ಎಲ್ಲಿ ಅಂತ ಅವರು ಕೇಳಲ್ವಾ?"

ದೊರೆಸಾನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಕಿಟಕಿಯ ಹತ್ತಿರ ಹೋಗಿ ಅಳಲು ಶುರುಮಾಡಿದಳು. ತವರಿನ ತಮ್ಮ ಇಸ್ಪೀಟಿನಲ್ಲಿ ಮನೆಯ ಮಾನ ಕಳೆದು, ಎದೆಗೆ ಪಿಸ್ತೂಲು ಇಟ್ಟುಕೊಂಡು ಕೂತಿದ್ದನಂತೆ. ವಜ್ರಗಳು ಹ್ಯಾಂಬರ್ಗಿನಲ್ಲಿ ಬಿಡಿಬಿಡಿಯಾಗಿ ಮಾರಿಹೋದವು. ದೊರೆಗೆ ಗೊತ್ತಾದರೆ ಅವಳನ್ನು ಮಗುವಿನಿಂದ ಬೇರೆ ಮಾಡಿ ತವರಿಗೆ ಅಟ್ಟುತ್ತಾನೆ.

"ನೀನೂ ಹೆಣ್ಣಲ್ವಾ ಒಟೀಲಿಯಾ? ನೀನಾದ್ರೂ ಅರ್ಥ ಮಾಡ್ಕೋ. ನಿನ್ನ ಗಂಡನಿಗೆ ಒಪ್ಕೋ ಅಂತ ಹೇಳು. ಒಪ್ಕೊಂಡ್ರೆ ತಿರುಪು ಹಾಕಲ್ಲ. ಬರೋ ತಿಂಗ್ಳು ದೊರೆ ಹುಟ್ಟುಹಬ್ಬ. ಅವತ್ತು ಒಬ್ಬ ಕೈದೀನ ಬಿಟ್ಬಿಡಿ ಅಂತ ಬೇಡೋ ಹಕ್ಕು ನಂದು, ನಿಂಗೊತ್ತಲ್ಲ. ನಾನು ಯೋಸ್ಟ್ ಹೆಸರು ಹೇಳ್ತೀನಿ. ದೇವರಾಣೆ."

"ಒಂದೆರಡಕ್ಷರ ಬರ್ದು ಕೊಡಿ ತಾಯಿ. ನಮ್ಮನೆಯವರು ನನ್ ಬಾಯಿ ಮಾತು ನಂಬಲ್ಲ."

"ಬರ್ದು ಕೊಟ್ರೂ ನೀನು ಇಟ್ಕೊಳ್ಳೋ ಹಾಗಿಲ್ವಲ್ಲ" ಎಂದಳು ದೊರೆಸಾನಿ. ಕುಹಕವೇನೂ ಇರಲಿಲ್ಲ ಅದರಲ್ಲಿ. ಮರೆತವರಿಗೆ ನೆನಪು ಮಾಡಿಕೊಟ್ಟಂತೆ ಹೇಳಿ, ಮುತ್ತಿಡಲು ಕೈ ಮುಂದೆ ಚಾಚಿದಳು.

ಸೆರೆಮನೆಯಲ್ಲಿ ಯೋಸ್ಟ್ ಎಲ್ಲ ಕೇಳಿ ತಲೆ ಅಲ್ಲಾಡಿಸಿದ.

"ಕದ್ದೆ ಅಂತ ನನ್ ಬಾಯಲ್ಲಿ ಹೇಳಿಸ್ತೀಯೇನೇ?"

"ಒಂದೇ ತಿಂಗ್ಳು ರೀ."

"ಅವಳು ಬಿಡಿಸಲ್ಲ ಕಣೇ. ಅವರಿಗೆ ನಾವು ಕಾಲೊರೆಸೋ ಬಟ್ಟೆ. ಕೆಲಸ ಆದ್ಮೇಲೆ ಯಾರು ನೋಡ್ತಾರೆ?"

"ಅತ್ರು ರೀ, ನನ್ನೆದುರಿಗೆ ಗಳಗಳ ಅಂತ ಅತ್ರು."

"ಅಳಕ್ಕೇನು, ಈರುಳ್ಳಿ ಹೆಚ್ಚಿದ್ರೂ ನೀರು ಬರತ್ತೆ. ಬೆರಳು ಹೋದ್ರೆ ಹೋಗ್ಲಿ ಬಿಡು. ಕದ್ದೆ ಅಂದ್ರೆ ನಾನೇ ಹೋದ ಹಾಗೆ. ರತ್ನಗಾರರ ಸಂಘದಲ್ಲಿ ಹೆಸರು ಹೊಡೆದ್ ಹಾಕ್ತಾರೆ, ನಮ್ಮಪ್ಪ ಇಟ್ಟ ಹೆಸರು."

ಒಟೀಲಿಯಾ ಅವನ ಎರಡೂ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅತ್ತಳು. ಈ ಬೆರಳುಗಳಿಗೆ ತಿರುಪು ಬೀಳುವುದನ್ನು ತಾನು ನೋಡಲಾರೆ, ಅದಕ್ಕಿಂತ ಮೊದಲು ನದಿಗೆ ಹಾರುತ್ತೇನೆ ಎಂದಳು. "ಅವರನ್ನ ನಂಬ್ಬೇಡಿ ರೀ. ನನ್ನ ನಂಬಿ, ಸಾಕು." ಅವನು ಅವಳ ಮುಷ್ಟಿಯಿಂದ ಬೆರಳು ಬಿಡಿಸಿಕೊಂಡ. ಕೊನೆಗೆ, "ಆಗ್ಲಿ ಬಿಡು, ನಿನ್ ಮಾತಿನ ಮೇಲೆ" ಎಂದು ಗುಮಾಸ್ತನನ್ನು ಕರೆಸಿ ರುಜು ಹಾಕಿದ. ಗ್ರೌವೆನ್‌ಸ್ಟೈನ್ ಕೋಟೆಯಲ್ಲಿ ಹತ್ತು ವರ್ಷ ಕಲ್ಲು ಹೊರುವ ಶಿಕ್ಷೆಯಾಯಿತು. ಕೈದಿಗಳ ಗಾಡಿ ಹೊರಡುವವರೆಗೆ ಊರಿನ ಸೆರೆಮನೆಯಲ್ಲೇ ಇಟ್ಟರು.

ಹುಟ್ಟುಹಬ್ಬದ ದಿನ ಒಟೀಲಿಯಾ ಒಗೆದ ಅಂಗಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಅರಮನೆಯ ಮುಂದೆ ನಿಂತಿದ್ದಳು. ಬಿಡುಗಡೆಯಾದವನು ಸೆರೆಮನೆಯ ಕೊಳಕಿನಲ್ಲಿ ಊರೊಳಗೆ ನಡೆದು ಬರಬಾರದಲ್ಲ. ತುತ್ತೂರಿ ಊದಿದರು. ಮೊಗಸಾಲೆಯಲ್ಲಿ ದೊರೆಸಾನಿ ದೊರೆಯ ಮುಂದೆ ಮಂಡಿಯೂರಿ, ಎಲ್ಲರಿಗೂ ಕೇಳುವಂತೆ ಒಂದು ಹೆಸರು ಹೇಳಿದಳು. ಹೆನ್ನಿಂಗ್. ದೊರೆಯ ಕಾಡಿನಲ್ಲಿ ಜಿಂಕೆ ಹೊಡೆದು ಸಿಕ್ಕಿಬಿದ್ದಿದ್ದ ಕುಂಟ. ಜನ ಟೊಪ್ಪಿ ಮೇಲಕ್ಕೆ ಎಸೆದು ಕೂಗಿದರು. ಎಂಥಾ ಕರುಣೆ, ಎಂಥಾ ತಾಯಿ ಎಂದು ಡೋರ್ಟೆ ಕಣ್ಣೊರೆಸಿಕೊಂಡಳು. ಒಟೀಲಿಯಾ ಅಂಗಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಕೂಗಿ ಹೇಳೋಣವೆಂದರೆ ಗಂಡನ ರುಜು ನ್ಯಾಯಾಲಯದಲ್ಲಿ ಕೂತಿದೆ. ಹಾಕಿಸಿದವಳು ತಾನೇ. ಕೂಗಿದರೂ ಯಾರು ನಂಬುತ್ತಾರೆ?

ಭಾನುವಾರ ಮತ್ತೆ ಅದೇ ಓಣಿಗೆ ಹೋದಳು. ಈ ಸಲ ದೊರೆಸಾನಿ ಕಾಲು ನಿಲ್ಲಿಸಲಿಲ್ಲ, ಪ್ರಾರ್ಥನೆಯ ಪುಸ್ತಕದ ಮೇಲೆ ಕಣ್ಣಿಟ್ಟು ಸರಸರ ಹೊರಟುಹೋದಳು. ಹಿಂದೆ ಬಂದ ಟ್ರೆಸ್ಕೋ ಒಂದು ಗಂಟು ಕೈಗಿತ್ತಳು. ಒಳಗೆ ದೊರೆಸಾನಿ ಉಟ್ಟು ಬಿಟ್ಟ ಬೂದು ರೇಷ್ಮೆಯ ಗೌನು.

"ವಜ್ರ ಕದ್ದವನನ್ನೇ ಬೇಡಿದ್ರೆ ಜನ ಏನಂದ್ಕೋತಾರೆ, ನೀನೇ ಹೇಳು. ದೊರೆಸಾನಿಯವರು ತುಂಬಾ ನೊಂದ್ಕೊಂಡಿದಾರೆ, ಪಾಪ. ಮುಂದಿನ್ ವರ್ಷ ನೋಡೋಣ."

ಒಟೀಲಿಯಾಳ ಮೈಯೆಲ್ಲ ಉರಿದುಹೋಯಿತು. "ಇದನ್ನ ಅವರ ತಮ್ಮನಿಗೆ ಕೊಡಿ ಅಮ್ಮಾ. ಇಸ್ಪೀಟಿಗೆ ಪಣ ಇಟ್ಕೊಳ್ಲಿ."

ಟ್ರೆಸ್ಕೋಳ ಮುಖ ಬಿಳಿಚಿತು. "ಈ ಮಾತು ನಾನು ಕೇಳಿಸ್ಕೊಂಡೇ ಇಲ್ಲ."

"ಆ ಕಾಗದಾನೂ ನೀವು ನೋಡೇ ಇಲ್ವಲ್ಲ. ದೊಡ್ಡವರು, ನಿಮ್ಗೆ ಕಣ್ಣೂ ಇಲ್ಲ, ಕಿವೀನೂ ಇಲ್ಲ" ಎಂದು ಗಂಟನ್ನು ಅವಳ ಕಾಲ ಬುಡದಲ್ಲಿ ಎಸೆದು ಬಂದಳು. ಅಷ್ಟು ಅಂದು ಬಂದದ್ದರಿಂದ ಮನೆ ಸೇರುವವರೆಗೆ ಸಮಾಧಾನವಿತ್ತು. ಬಾಗಿಲು ತೆರೆದೊಡನೆ ಅದೂ ಹೋಯಿತು.

ಬುಧವಾರ ಕೋಟೆಗೆ ಗಾಡಿ ಹೊರಟಿತು. ಯೋಸ್ಟ್‌ನ ಕಾಲಿಗೆ ಸರಪಳಿ ಹಾಕಿ ಹುಲ್ಲಿನ ಮೇಲೆ ಕೂರಿಸಿದ್ದರು. ಗಡ್ಡ ಬೆಳೆದಿತ್ತು, ಕೆನ್ನೆ ಒಳಗೆ ಹೋಗಿತ್ತು. ಒಟೀಲಿಯಾಳನ್ನು ಕಂಡೊಡನೆ ಅಡ್ಡಪಟ್ಟಿಯ ಮೇಲಿಂದ ಬಗ್ಗಿದ.

"ಏನಾಯ್ತೇ? ಹಬ್ಬ ಆಗಿ ವಾರ ಆಯ್ತಲ್ಲ. ಒಳಗೆ ಯಾರೂ ಏನೂ ಹೇಳಲ್ಲ. ಏನಾದ್ರೂ ಹೇಳಿ ಕಳಿಸಿದ್ರಾ?"

ನಿಜ ಹೇಳಬೇಕೆಂದೇ ಅವಳು ಬಂದಿದ್ದಳು. ತಪ್ಪು ತನ್ನದು, ತಾನೇ ನಿಮ್ಮನ್ನು ಹಾಳು ಮಾಡಿದೆ ಎಂದು ಕಾಲು ಹಿಡಿಯಬೇಕೆಂದಿದ್ದಳು. ಆದರೆ ಅವನ ಕಣ್ಣು ನೋಡಿದಳು. ಹತ್ತು ವರ್ಷ ಕಲ್ಲು ಹೊರಬೇಕಾದ ಮನುಷ್ಯ.

"ಕಳಿಸಿದ್ರು ರೀ. ಈಗಲೇ ಬಿಟ್ರೆ ಜನ ಆಡ್ಕೋತಾರಂತೆ. ಚಳಿಗಾಲದೊಳಗೆ ಬಿಡಿಸ್ತಾರಂತೆ. ಆಣೆ ಮಾಡಿದಾರೆ."

ಎಷ್ಟು ಸಲೀಸಾಗಿ ಬಂತು ಮಾತು! ತಡವರಿಸಲೂ ಇಲ್ಲ, ಕಣ್ಣಲ್ಲಿ ನೀರು ಸಹ ಬಂತು.

ಯೋಸ್ಟ್‌ನ ಮುಖ ಅರಳಿತು. "ನಾನೇ ಅವರನ್ನ ತಪ್ಪು ತಿಳ್ಕೊಂಡಿದ್ದೆ ಕಣೇ. ಪಾಪ, ಅವರಿಗೂ ಎಷ್ಟು ಕಷ್ಟಾನೋ ಏನೋ. ದೇವ್ರು ಚೆನ್ನಾಗಿಟ್ಟಿರ್ಲಿ."

"ಹೂಂ ರೀ" ಎಂದಳು.

ಗಾಡಿ ಕದಲಿತು. ಅವಳು ಕಂಬಿ ಹಿಡಿದುಕೊಂಡು ಪಕ್ಕದಲ್ಲೇ ನಡೆದಳು. ಅವನು ಚಳಿಗಾಲದ ಲೆಕ್ಕದಲ್ಲಿ ಮಾತಾಡುತ್ತಲೇ ಇದ್ದ. ಅರಗು ಬಿಸಿಲಿಗೆ ಇಡಬೇಡ, ಸಣ್ಣ ಉಳಿಗಳನ್ನು ಉಣ್ಣೆಯಲ್ಲಿ ಸುತ್ತಿಡು, ಸಾಣೆಯ ಚಕ್ರಕ್ಕೆ ವಾರಕ್ಕೊಂದು ಸಲ ಎಣ್ಣೆ ಬಿಡು, ಮರೀಬೇಡ, ತುಕ್ಕು ಹಿಡಿದುಬಿಡತ್ತೆ.

ಸಂಘದವರು ಹಿಂದಿನ ದಿನವೇ ಬಂದು ಆ ಚಕ್ರವನ್ನು ಅಂಗಡಿಯ ಮುಂದೆ, ಅವಳ ಕಣ್ಣೆದುರಿಗೇ, ಸುತ್ತಿಗೆಯಲ್ಲಿ ಒಡೆದು ಹೋಗಿದ್ದರು.

"ಬಿಡ್ತೀನಿ ರೀ, ಮರೆಯಲ್ಲ" ಎಂದಳು ಒಟೀಲಿಯಾ.